ಕಡತ ಸಿಗದಿದ್ದರೆ ಹಿಂಬರಹ ಸಾಲದು

ಹಳೆಯ ಹೊಲದ ಕಾಗದ ಹುಡುಕಿಕೊಂಡು ತಾಲ್ಲೂಕು ಕಚೇರಿಗೆ ಬರುವ ರೈತನಿಗೆ ‘ಕಡತ ಲಭ್ಯವಿರುವುದಿಲ್ಲ’ ಎಂಬ ಹಿಂಬರಹದಷ್ಟು ದಿಗಿಲು ಹುಟ್ಟಿಸುವುದು ಬೇರೊಂದಿಲ್ಲ. ಹಾವೇರಿ ಇರಲಿ, ರಾಣೆಬೆನ್ನೂರು, ಬ್ಯಾಡಗಿ ಇರಲಿ, ಆ ಒಂದು ಸಾಲಿನ ಮುಂದೆ ಪೋಡಿ, ವಾಟ್ನಿ, ಬ್ಯಾಂಕ್ ಸಾಲ ಎಲ್ಲವೂ ನಿಂತುಬಿಡುತ್ತವೆ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ಕಾಲದಲ್ಲಿ ಫಾರಂ 7 ಕೊಟ್ಟು ಗೇಣಿ ಹೊಲ ಪಡೆದವರ ಮೊಮ್ಮಕ್ಕಳು ಇಂದು ಭೂ ನ್ಯಾಯಮಂಡಳಿಯ ಆದೇಶದ ನಕಲು ಕೇಳುತ್ತಿದ್ದಾರೆ. ಆ ಆದೇಶಗಳು ಹೊರಬಿದ್ದಾಗ ಹಾವೇರಿ ಜಿಲ್ಲೆಯೇ ಇರಲಿಲ್ಲ. ಧಾರವಾಡದಿಂದ ಅದು ಬೇರೆಯಾದದ್ದು 1997ರಲ್ಲಿ. ಹಾಗಾಗಿ ಜಿಲ್ಲಾ ಮಟ್ಟದ ಹಳೆಯ ಪತ್ರವ್ಯವಹಾರ ಬೇಕಾದವರು ಧಾರವಾಡದ ದಾರಿಯನ್ನೂ ನೋಡಬೇಕು. ಇಷ್ಟನ್ನೂ ಹಿಂಬರಹ ಹೇಳುವುದಿಲ್ಲ. ಎಲ್ಲಿ ಹುಡುಕಿದರು, ಕಡತ ಕೊನೆಗೆ ಯಾರ ಕೈಗೆ ಹೋಗಿತ್ತು, ಇನ್ನೆಲ್ಲಿ ಕೇಳಬಹುದು ಎಂಬುದು ಅದರಲ್ಲಿ ಇರುವುದಿಲ್ಲ.

ಕಾಗದ ಒಂದೇ ಕಡೆ ಇದ್ದರೆ ಎಷ್ಟು ಭದ್ರ ಎಂಬುದನ್ನು ಬ್ಯಾಡಗಿಯವರಿಗೆ ಹೇಳಬೇಕಾಗಿಲ್ಲ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದು ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅಂಥ ದಿನ ಕಚೇರಿಯಲ್ಲಿರುವ ಒಂದೇ ಪ್ರತಿಗೆ ರಕ್ಷಣೆ ಏನು?

ಹಳೆಯ ಭೂ ಕಡತಗಳನ್ನು ಸ್ಕ್ಯಾನ್ ಮಾಡಿಡಲು ರಾಜ್ಯ ಸರ್ಕಾರ ಅದೇ ವರ್ಷ ಆರಂಭಿಸಿದ ಭೂ ಸುರಕ್ಷಾ ಯೋಜನೆ ಈ ಕಾರಣಕ್ಕೆ ಸ್ವಾಗತಾರ್ಹ. ರೆಕಾರ್ಡ್ ರೂಮಿನ ರುಮಾಲು ಬಿಚ್ಚಿ, ಪುಡಿಯಾಗುತ್ತಿರುವ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಪುಟಸಂಖ್ಯೆ ಹಾಕಿ ಸ್ಕ್ಯಾನ್ ಮಾಡುವುದು ತಾಳ್ಮೆ ಬೇಡುವ ಕೆಲಸ. ಆದರೆ ಸ್ಕ್ಯಾನರ್‌ಗೆ ಗೊತ್ತಿರುವುದು ರ‍್ಯಾಕಿನಲ್ಲಿರುವ ಕಡತ ಮಾತ್ರ. ಇಲ್ಲದ ಕಡತದ ಲೆಕ್ಕ ಅದಕ್ಕೆ ಸಿಗುವುದಿಲ್ಲ. ಹಳೆಯ ಕಡತ ವಹಿಯ ನಮೂದುಗಳನ್ನು ಸ್ಕ್ಯಾನ್ ಆದ ಪಟ್ಟಿಯ ಜೊತೆ ತಾಳೆ ನೋಡದಿದ್ದರೆ, ನಾಳೆ ಕಂಪ್ಯೂಟರಿನಲ್ಲಿ ಕಾಣದ ಕಡತ ಹುಟ್ಟಿಯೇ ಇರಲಿಲ್ಲ ಎಂದಾಗುತ್ತದೆ. ಬಡವನ ಹೊಲದ ಮಟ್ಟಿಗೆ ಇದು ಸಣ್ಣ ಅಪಾಯವಲ್ಲ. ಕಡತದಲ್ಲಿ ನಲವತ್ತು ಪುಟವಿದ್ದು ಮೂವತ್ತೆಂಟು ಸಿಕ್ಕರೆ, ಆ ಎರಡು ಪುಟ ಯಾವುವು ಎಂದೂ ಬರೆದಿಡಬೇಕು. ಅವುಗಳಲ್ಲೇ ಮಂಜೂರಾತಿ ಆದೇಶ ಇದ್ದಿರಬಹುದು.

ಕಾನೂನಿನ ಬೆಂಬಲಕ್ಕೇನೂ ಕೊರತೆಯಿಲ್ಲ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ತಯಾರಿಸಿ ಇಡಬೇಕು ಎನ್ನುತ್ತದೆ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ. ದಾಖಲೆ ಸಿಗುತ್ತಿಲ್ಲ ಎಂದಷ್ಟೇ ಹೇಳಿ ಮಾಹಿತಿ ನಿರಾಕರಿಸುವಂತಿಲ್ಲ, ಕೂಲಂಕಷವಾಗಿ ಹುಡುಕಬೇಕು, ಅಗತ್ಯವಿದ್ದರೆ ವಿಚಾರಣೆ ನಡೆಸಿ ಹೊಣೆ ಗೊತ್ತುಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ವಿಶ್ವಾಸ್ ಭಂಬುರ್ಕರ್ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕಕ್ಕೆ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೂ ಇದೆ.

ಕಳೆದದ್ದನ್ನು ಒಪ್ಪಿಕೊಂಡು ಮತ್ತೆ ಕಟ್ಟಿದ ಉದಾಹರಣೆಯೂ ಇದೆ. ಚಂದ್ರನ ಮೇಲಿಳಿದ ಅಪೊಲೊ 11ರ ದೃಶ್ಯಗಳ ಮೂಲ ಟೇಪುಗಳು ಸಿಗದೆ ಹೋದಾಗ ನಾಸಾ ಹುಡುಕಾಟ ನಡೆಸಿ, ಅವು ಅಳಿಸಿ ಮರುಬಳಕೆಯಾಗಿರಬೇಕೆಂದು 2009ರಲ್ಲಿ ಬಹಿರಂಗವಾಗಿಯೇ ಹೇಳಿತು. ಟಿವಿ ಸಂಸ್ಥೆಗಳ ಬಳಿ ಉಳಿದಿದ್ದ ಪ್ರತಿಗಳಿಂದ ಆ ದೃಶ್ಯಗಳನ್ನು ಮತ್ತೆ ಕಟ್ಟಿತು.

ಹೊಲದ ಕಡತವನ್ನೂ ಹೀಗೆ ಕಟ್ಟಲು ಬರುತ್ತದೆ. ಮ್ಯುಟೇಶನ್ ವಹಿ, ಕೈಬರಹದ ಪಹಣಿ, ಭೂಮಾಪನ ಇಲಾಖೆಯ ಟಿಪ್ಪಣಿ, ಉಪನೋಂದಣಿ ಕಚೇರಿಯ ಸೂಚಿ, ರೈತನ ಟ್ರಂಕಿನಲ್ಲಿರುವ ಆದೇಶದ ಪ್ರತಿ, ಕಂದಾಯದ ರಸೀದಿ ಎಲ್ಲವೂ ಸಾಕ್ಷಿಗಳೇ. ಇವನ್ನು ಕಲೆಹಾಕುವ ಕೆಲಸ ಕಚೇರಿಯದು. ಕಡತ ಕಳೆದವರು ಕುಳಿತಿದ್ದು, ಅದನ್ನು ಕಳೆಯದ ರೈತ ಕಚೇರಿಯಿಂದ ಕಚೇರಿಗೆ ಅಲೆಯುವುದು ನ್ಯಾಯವಲ್ಲ. ಹೀಗೆ ಮರುಸೃಷ್ಟಿಸಿದ ಕಡತದ ಮೇಲೆ ‘ಮರುಸೃಷ್ಟಿ’ ಎಂದು ಸ್ಪಷ್ಟವಾಗಿ ಬರೆದು, ಆಧಾರಗಳನ್ನು ನಮೂದಿಸಿ, ಆಕ್ಷೇಪಣೆಗೆ ಕಾಲಾವಕಾಶ ಕೊಟ್ಟರೆ ನಕಲಿ ದಾಖಲೆ ನುಸುಳುವ ದಾರಿಯೂ ಕಿರಿದಾಗುತ್ತದೆ.

ಸ್ಕ್ಯಾನಿಂಗ್ ಮುಗಿದ ಊರುಗಳಲ್ಲಿ, ಸಿಗದ ಕಡತಗಳ ಪಟ್ಟಿಯನ್ನು ಸರ್ವೆ ನಂಬರ್ ಸಮೇತ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ಮೂಲ ಮಂಜೂರಾತಿ ಪಡೆದ ಹಿರಿಯರು ಇನ್ನೂ ಇರುವಾಗಲೇ, ಅವರ ಪೆಟ್ಟಿಗೆಗಳು ತೆರೆಯುವಂತಿರುವಾಗಲೇ ಇದು ಆಗಬೇಕಾದ ಕೆಲಸ.