ಉಂಗುರ ಸಿಕ್ಕ ಮೇಲಿನ ಕಥೆ

ನಾನು ಪ್ರೌಢಶಾಲೆಯಲ್ಲಿದ್ದ ಕಾಲದಲ್ಲಿ, ದಿನಕ್ಕಿಷ್ಟೆಂದು ಬಾಡಿಗೆ ಪಡೆದು ಪುಸ್ತಕ ಕೊಡುತ್ತಿದ್ದ ಅಂಗಡಿಯೊಂದರಿಂದ ತಂದ ಪತ್ತೇದಾರಿ ಕಾದಂಬರಿಯ ಮೊದಲನೆಯ ಪುಟದಲ್ಲಿಯೇ, ನನಗಿಂತ ಮುಂಚೆ ಅದನ್ನು ಓದಿ ಮುಗಿಸಿದ್ದ ಮಹಾನುಭಾವನೊಬ್ಬನು ಕೊಲೆಗಾರನ ಹೆಸರನ್ನು ಪೆನ್ಸಿಲಿನಿಂದ ಬರೆದು, ಯಾರ ಕಣ್ಣಿಗೂ ಅದು ತಪ್ಪಿಹೋಗಬಾರದೆಂಬ ಪರೋಪಕಾರಬುದ್ಧಿಯಿಂದ ಕೆಳಗೆ ಎರಡು ಗೆರೆಗಳನ್ನೂ ಎಳೆದಿದ್ದನು. ಕೊಟ್ಟ ನಾಲ್ಕಾಣೆ ನೀರುಪಾಲಾಯಿತಲ್ಲಾ ಎಂದು ಆ ಸಂಜೆ ನಾನು ಪಟ್ಟ ಸಂಕಟ ಅಷ್ಟಿಷ್ಟಲ್ಲ. ಆದರೂ ಪುಸ್ತಕವನ್ನು ಹಿಂದಿರುಗಿಸದೆ ಓದಿದೆನು. ಪೆನ್ಸಿಲು ಸುಳ್ಳು ಹೇಳಿರಬಹುದೆಂಬ ಆಸೆಯಿಂದ ಅರ್ಧ ಪುಸ್ತಕ ಓದಿದೆನು, ಆಮೇಲೆ ಆ ಆಸೆಯನ್ನೇ ಮರೆತು ಉಳಿದರ್ಧವನ್ನೂ ಓದಿದೆನು. ಪೆನ್ಸಿಲು ಹೇಳಿದ್ದು ನಿಜವಾಗಿತ್ತು. ಗುಟ್ಟು ತಿಳಿದ ಮೇಲೂ ಉಳಿದರ್ಧವನ್ನು ನನ್ನಿಂದ ಓದಿಸಿದ್ದು ಯಾವುದು ಎಂಬ ಪ್ರಶ್ನೆಗೆ ಮಾತ್ರ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಆ ಪೆನ್ಸಿಲಿನ ವಂಶ ಇನ್ನೂ ಅಳಿದಿಲ್ಲ. ನ್ಯಾಮತಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಾಲೇಜಿನ ಮಕ್ಕಳು ತಾವು ಓದಿದ ಇಲ್ಲವೆ ನೋಡಿದ ಥ್ರಿಲ್ಲರನ್ನು ಕುರಿತು ವಾದಿಸುವುದನ್ನು ನಾನು ಆಗಾಗ ಕಿವಿಗೊಟ್ಟು ಕೇಳುವುದುಂಟು. ಈ ಕಥೆಗಳಲ್ಲಿ ಬಹುಪಾಲು ಒಂದೇ ಎರಕದವು: ಯಾರೋ ಒಬ್ಬರಿಗೆ ತಮ್ಮ ಪೂರ್ವವೃತ್ತಾಂತ ಮರೆತುಹೋಗಿರುತ್ತದೆ; ಮರೆತುದರೊಳಗೆ ಒಂದು ಅಪರಾಧ ಅಡಗಿರುತ್ತದೆ; ಹತ್ತಿರದವರೇ ಅದನ್ನು ಮುಚ್ಚಿಟ್ಟಿರುತ್ತಾರೆ. ೨೦೧೫ರಲ್ಲಿ ಪ್ರಕಟವಾದ ಪೌಲಾ ಹಾಕಿನ್ಸ್ ಅವರ ‘ದಿ ಗರ್ಲ್ ಆನ್ ದಿ ಟ್ರೇನ್’ ಕಾದಂಬರಿಯಲ್ಲಿ ಕುಡಿತದಿಂದ ನೆನಪಿನ ತುಣುಕುಗಳನ್ನು ಕಳೆದುಕೊಂಡ ಹೆಂಗಸೊಬ್ಬಳು ತನ್ನ ಕಣ್ಣನ್ನೇ ತಾನು ನಂಬಲಾರದವಳಾಗುತ್ತಾಳೆ. ಅದೇ ವರ್ಷ ಬಂದ ನಮ್ಮ ‘ರಂಗಿತರಂಗ’ ಚಿತ್ರದಲ್ಲಿ ಹೆಸರು ಮರೆಸಿಕೊಂಡು ಬರೆಯುವ ಕಾದಂಬರಿಕಾರನ ಹಿಂದೆ ಮರೆತುಹೋದ ಬದುಕೊಂದಿರುತ್ತದೆ. ಇಂಥವುಗಳನ್ನು ಮುಗಿಸಿದವರು ಆಡುವ ಮಾತುಗಳೂ ಒಂದೇ ಎರಕದವೇ. ‘ನನಗೆ ಅರ್ಧದಲ್ಲೇ ಗೊತ್ತಾಗಿಹೋಯಿತು’ ಎಂದು ಒಬ್ಬನು ಎದೆಯುಬ್ಬಿಸುತ್ತಾನೆ. ‘ಕೊನೆಯ ತನಕ ಸುಳಿವೇ ಸಿಗಲಿಲ್ಲ ಕಣೋ’ ಎಂದು ಮತ್ತೊಬ್ಬನು ಮೆಚ್ಚುತ್ತಾನೆ. ‘ಬರೆಯೋನಿಗೆ ಬೇಕಾದಾಗ ನೆನಪು ಹೋಗುತ್ತೆ, ಬೇಕಾದಾಗ ಬರುತ್ತೆ’ ಎಂದು ಮೂರನೆಯವನು ಮೂಗು ಮುರಿಯುತ್ತಾನೆ.

ಈ ಮೂವರಲ್ಲಿಯೂ ಕಥೆಯೆಂದರೆ ಒಗಟು, ಓದುಗನೆಂದರೆ ಒಗಟು ಬಿಡಿಸುವವನು, ಲೇಖಕನೆಂದರೆ ಅವನ ಎದುರಾಳಿ ಎಂಬ ಭಾವನೆ ಸಮಾನವಾಗಿದೆ. ಒಗಟಿನ ಸುಖವನ್ನು ನಾನು ಹಳಿಯುವವನಲ್ಲ. ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆ ಕಂಡಿದ್ದ ಎನ್. ನರಸಿಂಹಯ್ಯನವರು ೫೦೦ಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿಸಿ ಎಷ್ಟೋ ಮಂದಿಗೆ ಓದಿನ ರುಚಿ ಹಿಡಿಸಿದರೆಂಬುದನ್ನು ಬಲ್ಲವರು ಆ ಸುಖವನ್ನು ಕೀಳೆಂದು ಹೇಳಲಾರರು. ನನ್ನ ಆಕ್ಷೇಪವಿರುವುದು ಇಷ್ಟಕ್ಕೆ: ಕೊಲೆಯ ಕಥೆಗೆ ತಕ್ಕುದಾದ ಅಳತೆಗೋಲನ್ನು ಮರೆವಿನ ಕಥೆಗೂ ಹಿಡಿದರೆ, ಅದರಲ್ಲಿ ಅಳೆಯತಕ್ಕುದೇ ಕೈತಪ್ಪಿಹೋಗುತ್ತದೆ. ಗುಟ್ಟು ಏನೆಂಬುದಕ್ಕಿಂತ, ಆ ಮರೆವಿನ ಸಾಲವನ್ನು ಯಾರು ತೀರಿಸಿದರೆಂಬುದನ್ನು ಅಲ್ಲಿ ಕೇಳಬೇಕು.

ಈ ಮಾತಿಗೆ ನನಗೆ ಆಧಾರವಾಗಿ ನಿಲ್ಲುವವನು ಕಾಳಿದಾಸ. ಮರೆವು ಮತ್ತು ಮುಚ್ಚಿಟ್ಟ ಸಂಗತಿ, ಇವೆರಡನ್ನೇ ಪಡಿಯಚ್ಚಾಗಿ ಹಿಡಿದು ರಚಿಸಿದ ಕಥೆಗಳಲ್ಲಿ ಶಾಕುಂತಲದಷ್ಟು ದೀರ್ಘಕಾಲ ಓದುಗರನ್ನು ಕಾಡಿದುದು ನಮ್ಮ ದೇಶದಲ್ಲಿ ಬೇರೆ ಇರಲಾರದು. ಕನ್ನಡಕ್ಕಂತೂ ಅದು ಮನೆಯ ಮಗಳಿದ್ದಂತೆ. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರಿನ ಅರಮನೆಯ ಆಶ್ರಯದಲ್ಲಿದ್ದ ಬಸವಪ್ಪಶಾಸ್ತ್ರಿಗಳು ಅದನ್ನು ಕನ್ನಡಿಸಿ ಅಭಿನವ ಕಾಳಿದಾಸರೆನಿಸಿದರು. ಈ ನಾಟಕವನ್ನು ಇಂದಿನ ಥ್ರಿಲ್ಲರ್ ಲೇಖಕನ ಕೈಗೆ ಕೊಟ್ಟಿದ್ದರೆ ಅವನು, ಶಕುಂತಲೆಯನ್ನು ಅರಸ ದುಷ್ಯಂತನು ಮರೆಯಲೆಂಬ ದುರ್ವಾಸ ಋಷಿಯ ಶಾಪವನ್ನು ಕೊನೆಯ ಅಂಕದವರೆಗೂ ಬಚ್ಚಿಡುತ್ತಿದ್ದನು. ಐದನೆಯ ಅಂಕದಲ್ಲಿ ತುಂಬಿದ ಬಸಿರಿನ ಹೆಣ್ಣನ್ನು ದುಷ್ಯಂತನು ತನಗೆ ಅಪರಿಚಿತಳೆಂದಾಗ ನಾವು ಬೆಚ್ಚಿಬಿದ್ದು, ಇವನು ಠಕ್ಕನೋ ಹುಚ್ಚನೋ ಎಂದು ಎರಡು ಅಂಕಗಳುದ್ದಕ್ಕೂ ತಲೆ ಕೆಡಿಸಿಕೊಳ್ಳುತ್ತಿದ್ದೆವು. ಕಾಳಿದಾಸನು ಹಾಗೆ ಮಾಡಲಿಲ್ಲ. ನಾಲ್ಕನೆಯ ಅಂಕದ ಮೊದಲಲ್ಲಿಯೇ ಶಾಪದ ಮಾತನ್ನು ನಮ್ಮ ಕಿವಿಗೆ ಹಾಕಿದನು. ಅನಸೂಯೆ ಪ್ರಿಯಂವದೆಯರು ಅದನ್ನು ಕೇಳಿಸಿಕೊಂಡು, ಗುರುತಿನ ಒಡವೆಯನ್ನು ಕಂಡಾಗ ಶಾಪ ನೀಗುವುದೆಂಬ ಸಮಾಧಾನವನ್ನು ಋಷಿಯಿಂದ ಪಡೆದು, ಮೃದುಹೃದಯದ ಗೆಳತಿಗೆ ಏಕೆ ನೋವೆಂದು ಎಲ್ಲವನ್ನೂ ತಮ್ಮೊಳಗೇ ಇಟ್ಟುಕೊಂಡುದನ್ನೂ ತೋರಿಸಿದನು. ನನ್ನ ಪುಸ್ತಕದ ಮೊದಲ ಪುಟದಲ್ಲಿ ಯಾವನೋ ಗೀಚಿದ್ದನ್ನು ಕಾಳಿದಾಸನು ತನ್ನ ಕೈಯಿಂದಲೇ ಬರೆದನೆಂದಂತಾಯಿತು.

ಹಾಗೆ ಬರೆದುದರಿಂದ ನಾಟಕ ಕೆಟ್ಟಿತೆ? ಐದನೆಯ ಅಂಕದಲ್ಲಿ ಶಕುಂತಲೆ ಅರಸನು ಕೊಟ್ಟ ಉಂಗುರವಿದೆಯೆಂಬ ಧೈರ್ಯದಿಂದ ಬೆರಳನ್ನು ತಡವಿಕೊಳ್ಳುವಾಗ, ಅದು ಶಚೀತೀರ್ಥದ ನೀರಿನಲ್ಲಿ ಜಾರಿಹೋಗಿರುವುದರಿಂದ ಬೆರಳು ಬರಿದಾಗಿರುವಾಗ, ನಮ್ಮ ಎದೆ ಹಿಂಡುವುದು ನಮಗೆ ಎಲ್ಲವೂ ತಿಳಿದಿರುವುದರಿಂದಲೇ. ಅರಸನಿಗೆ ನೆನಪಿಲ್ಲ, ಆಕೆಗೆ ಶಾಪದ ಅರಿವಿಲ್ಲ. ಇಬ್ಬರ ನಡುವೆ ಎಲ್ಲವನ್ನೂ ಬಲ್ಲ ನಾವು ಬಾಯಿಲ್ಲದವರಾಗಿ ಕುಳಿತಿದ್ದೇವೆ. ಗುಟ್ಟನ್ನು ಬಚ್ಚಿಟ್ಟಿದ್ದರೆ ನಮಗೆ ಆಶ್ಚರ್ಯ ದೊರೆಯುತ್ತಿತ್ತು. ಬಿಚ್ಚಿಟ್ಟುದರಿಂದ ದುಃಖ ದೊರೆಯಿತು. ಆಶ್ಚರ್ಯಕ್ಕೆ ಒಂದೇ ಬಾರಿ ಹುಟ್ಟು. ದುಃಖವಾದರೋ ಓದಿದಷ್ಟು ಸಲವೂ ಹೊಸದಾಗಿ ಬರುತ್ತದೆ.

‘ಬೇಕಾದಾಗ ಹೋಗುವ ನೆನಪು’ ಎಂಬ ಮೂರನೆಯವನ ಆಕ್ಷೇಪಣೆ ಮಾತ್ರ ತಳ್ಳಿಹಾಕತಕ್ಕದ್ದಲ್ಲ. ಅದು ಕಾಳಿದಾಸನಿಗೂ ತಟ್ಟುತ್ತದೆ. ಅವನ ಕಥೆಗೆ ಮೂಲವಾದ ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿಯ ದುಷ್ಯಂತನಿಗೆ ಎಲ್ಲವೂ ಚೆನ್ನಾಗಿ ನೆನಪಿರುತ್ತದೆ. ನೆನಪಿದ್ದೂ ಲೋಕಾಪವಾದಕ್ಕೆ ಅಂಜಿ, ಮಗನನ್ನು ಕರೆದುಕೊಂಡು ಬಂದ ಹೆಂಡತಿಯನ್ನು ಅರಿಯೆನೆಂದು ತುಂಬಿದ ಸಭೆಯಲ್ಲಿ ಸುಳ್ಳಾಡುತ್ತಾನೆ. ಅಶರೀರವಾಣಿ ನುಡಿದ ಮೇಲೆ ಒಪ್ಪಿಕೊಳ್ಳುತ್ತಾನೆ. ನಾಯಕನ ಮೇಲಿನ ಈ ಕಳಂಕವನ್ನು ಒರೆಸಲೆಂದೇ ಕವಿಯು ಮರೆವನ್ನು ತಂದನೆಂದು ಹೇಳುವವರು ಹಿಂದಿನಿಂದಲೂ ಉಂಟು, ಆ ಮಾತಿನಲ್ಲಿ ಸತ್ಯಾಂಶವೂ ಉಂಟು. ಆದರೆ ಐದನೆಯ ಅಂಕದ ಆರಂಭದಲ್ಲಿ, ಅಂತಃಪುರದಿಂದ ಹಂಸಪದಿಕೆಯ ಹಾಡು ತೇಲಿಬಂದಾಗ, ಅಗಲಿದವರು ಯಾರೂ ಇಲ್ಲದಿದ್ದರೂ ತನ್ನ ಮನಸ್ಸೇಕೆ ಹೀಗೆ ಕಳವಳಗೊಳ್ಳುತ್ತಿದೆಯೆಂದು ಅರಸನು ಚಿಂತಿಸುವುದನ್ನು ಗಮನಿಸಿದವರಿಗೆ, ಈ ಮರೆವು ನಾಯಕನನ್ನು ಪಾರುಮಾಡುವ ಬರಿಯ ಉಪಾಯವಾಗಿ ಕಾಣದು. ಬುದ್ಧಿ ಮರೆತುದನ್ನು ಹೃದಯ ಪೂರ್ತಿಯಾಗಿ ಮರೆತಿಲ್ಲವೆಂಬ ಸೂಕ್ಷ್ಮವನ್ನು, ಮನಶ್ಶಾಸ್ತ್ರವೆಂಬುದೊಂದು ಶಾಸ್ತ್ರವಾಗಿ ಬೆಳೆಯುವುದಕ್ಕೆ ಎಷ್ಟೋ ಶತಮಾನಗಳ ಮುಂಚೆ ಆತನು ಕಂಡಿದ್ದನು.

ವೈದ್ಯರು ಕಂಡಿರುವ ಮರೆವೂ ಸಿನಿಮಾದ ಮರೆವಿನಂತೆ ತಲೆಗೊಂದು ಪೆಟ್ಟು ಬಿದ್ದರೆ ಹೋಗಿ ಮತ್ತೊಂದು ಪೆಟ್ಟಿಗೆ ಬರುವಂಥದಲ್ಲ. ೧೯೫೩ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಮೂರ್ಛೆರೋಗದ ನಿವಾರಣೆಗಾಗಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿದಾಗ, ಅವರ ಹಿಂದಿನ ಬದುಕಿನ ಬಹುಭಾಗ ನೆನಪಿನಲ್ಲಿ ಉಳಿದು, ಹೊಸದಾಗಿ ಏನನ್ನೂ ನೆನಪಿಡುವ ಶಕ್ತಿ ಹೊರಟುಹೋಯಿತು. ೨೦೦೮ರಲ್ಲಿ ತೀರಿಕೊಳ್ಳುವವರೆಗೂ ಅದು ಮರಳಲಿಲ್ಲ. ನಮ್ಮ ಮನೆಗಳಲ್ಲಿ ನಾವು ಕಾಣುವುದೂ ಇದಕ್ಕೆ ಹತ್ತಿರದ್ದನ್ನೇ: ಮದುವೆಯ ದಿನದ ಮಳೆಯನ್ನು ವರ್ಣಿಸಬಲ್ಲ ಅಜ್ಜಿಗೆ ಬೆಳಿಗ್ಗೆ ಉಂಡ ರೊಟ್ಟಿ ನೆನಪಿರುವುದಿಲ್ಲ. ೨೦೧೬ರಲ್ಲಿ ಹೇಮಂತ ರಾವ್ ಅವರು ನಿರ್ದೇಶಿಸಿದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅವರ ವೆಂಕೋಬರಾಯರು ಜನರ ಮನಸ್ಸಿನಲ್ಲಿ ನೆಲೆನಿಂತದ್ದು ಈ ಕಾರಣದಿಂದ. ಆ ಮುದುಕನ ಮರೆವಿನ ಬೆಲೆಯನ್ನು ತೆರುವವನು ಮಗ. ಕಾಣೆಯಾದ ತಂದೆಯನ್ನು ಹುಡುಕುತ್ತ ಹೊರಟವನಿಗೆ, ತಂದೆ ಜೊತೆಯಲ್ಲಿದ್ದಾಗ ತಾನು ಕಾಣದೆಹೋದದ್ದೆಲ್ಲ ಒಂದೊಂದಾಗಿ ಕಾಣತೊಡಗುತ್ತದೆ.

ಇನ್ನು ಮರೆವಿಗೆ ತೀರ ಪ್ರತಿಯಾದ ಕಥೆಯೊಂದು ಕನ್ನಡದಲ್ಲಿಯೇ ಉಂಟು. ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿ, ಮೂವತ್ತೈದು ತುಂಬುವುದಕ್ಕೆ ಮೊದಲೇ ೧೯೬೩ರಲ್ಲಿ ತೀರಿಕೊಂಡ ತ್ರಿವೇಣಿಯವರ ‘ಶರಪಂಜರ’ವನ್ನೂ, ಅದನ್ನಾಧರಿಸಿ ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಚಿತ್ರವನ್ನೂ ಕುರಿತು ನಮ್ಮ ಸೀಮೆಯ ಹೆಂಗಸರು ಎಷ್ಟು ಸಂಕಟದಿಂದ ಮಾತನಾಡಿಕೊಳ್ಳುತ್ತಿದ್ದರೆಂಬುದು ನನಗೆ ಚೆನ್ನಾಗಿ ನೆನಪಿದೆ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುವಾಗ, ಅದರ ನಾಯಕಿ ಕಾವೇರಿಯ ಮಾತು ಬಂದರೆ ನಮ್ಮ ದೊಡ್ಡಮ್ಮನ ದನಿ ಸಣ್ಣದಾಗುತ್ತಿತ್ತು. ಬಾಣಂತಿತನದಲ್ಲಿ ಕೆರಳಿದ ಮನಸ್ಸಿನ ಬೇನೆ ಗುಣವಾಗಿ ಕಾವೇರಿ ಮನೆಗೆ ಮರಳುತ್ತಾಳೆ. ಆಕೆಯ ಬೇನೆ ಆಕೆಯನ್ನು ಬಿಟ್ಟಿದೆ, ಊರು ಮಾತ್ರ ಅದನ್ನು ಬಿಡಲೊಲ್ಲದು. ನಕ್ಕರೆ ಅನುಮಾನ, ಅತ್ತರೆ ಅನುಮಾನ. ಗಂಡನೂ ಒಳಗೊಳಗೇ ದೂರವಾದವನು. ‘ಅವಳಿಗೇನೂ ಆಗಿರಲಿಲ್ಲವೇ, ಇವರೆಲ್ಲ ಸೇರಿ ಮತ್ತೆ ಅಲ್ಲಿಗೇ ಅಟ್ಟಿದರು’ ಎಂದು ದೊಡ್ಡಮ್ಮ ಹೇಳುವಾಗ, ಆಕೆ ಕಾದಂಬರಿಯ ಮಾತನ್ನಷ್ಟೇ ಆಡುತ್ತಿರಲಿಲ್ಲವೆಂಬುದು ನನಗೆ ಬಹಳ ವರ್ಷಗಳ ಮೇಲೆ ಹೊಳೆಯಿತು. ಶಕುಂತಲೆಯನ್ನು ಒಬ್ಬನ ಮರೆವು ಕೊಂದರೆ, ಕಾವೇರಿಯನ್ನು ಊರಿನ ನೆನಪು ಕೊಂದಿತು. ಸುಲಿಯುವ ಮಣೆಯ ಸುತ್ತ ಕುಳಿತಿದ್ದ ಆ ಓದುಗಿತಿಯರಲ್ಲಿ ಯಾರೊಬ್ಬರೂ ‘ನನಗೆ ಮೊದಲೇ ಗೊತ್ತಾಗಿತ್ತು’ ಎಂದುದನ್ನು ನಾನು ಕೇಳಲಿಲ್ಲ.

ಕಥೆಯ ಮಾತು ಹಾಗಿರಲಿ, ನಮ್ಮೂರೇ ಒಂದು ಥ್ರಿಲ್ಲರಿನ ಒಳಗೆ ಸಿಲುಕಿದ್ದ ಕಾಲವೂ ಒಂದಿತ್ತು. ೨೦೨೪ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಬ್ಯಾಂಕ್ ಶಾಖೆಯೊಂದಕ್ಕೆ ಕನ್ನ ಹಾಕಿದ ಕಳ್ಳರು, ಜನರು ಅಡವಿಟ್ಟಿದ್ದ ೧೭ ಕಿಲೋಗೂ ಮಿಕ್ಕ ಚಿನ್ನವನ್ನು ಹೊತ್ತೊಯ್ದರು. ಹೋಗುವಾಗ ಖಾರದ ಪುಡಿ ಚೆಲ್ಲಿ, ಕ್ಯಾಮೆರಾ ಕಂಡುದನ್ನೆಲ್ಲ ದಾಖಲಿಸಿಡುವ ಡಿ.ವಿ.ಆರ್. ಪೆಟ್ಟಿಗೆಯನ್ನೂ ಕಿತ್ತುಕೊಂಡು, ಆ ಕಟ್ಟಡದ ನೆನಪನ್ನೇ ಅಪಹರಿಸಿದರು. ಐದು ತಿಂಗಳ ಕಾಲ ಗುಟ್ಟು ಬಯಲಾಗಲಿಲ್ಲ. ಆ ಐದು ತಿಂಗಳಲ್ಲಿ ನಮ್ಮ ಚಹಾದಂಗಡಿಗಳಲ್ಲಿ ಪತ್ತೇದಾರ ಪುರುಷೋತ್ತಮರಿಗೆ ಬರವಿರಲಿಲ್ಲ. ಒಬ್ಬೊಬ್ಬನದು ಒಂದೊಂದು ಊಹೆ, ಒಂದೊಂದು ಅಂತ್ಯ. ೨೦೨೫ರ ಮಾರ್ಚಿನಲ್ಲಿ ದಾವಣಗೆರೆಯ ಪೊಲೀಸರು ಆರೋಪಿಗಳನ್ನು ಹಿಡಿದು, ತಮಿಳುನಾಡಿನ ಮಧುರೈ ಕಡೆಯ ಬಾವಿಯೊಂದರಿಂದ ಚಿನ್ನದ ಬಹುಭಾಗವನ್ನು ಮೇಲೆತ್ತಿದಾಗ, ಮೀನಿನ ಹೊಟ್ಟೆಯಲ್ಲಿ ಶಕುಂತಲೆಯ ಉಂಗುರ ಸಿಕ್ಕ ಕಥೆಯನ್ನು ಬಲ್ಲವರಿಗೆ ಅದು ನೆನಪಾಗದೆ ಇರಲಿಲ್ಲ. ದರೋಡೆಯ ಸರಣಿಚಿತ್ರವೊಂದನ್ನು ಕಳ್ಳರು ಮತ್ತೆ ಮತ್ತೆ ನೋಡಿ ಈ ಉಪಾಯ ಕಲಿತರೆಂಬ ವರದಿಯೂ ಬಂದಿತು. ರೋಚಕ ಕಥೆಗೆ ಪ್ರೇಕ್ಷಕರು ತೋರುವ ಪ್ರತಿಕ್ರಿಯೆಗಳಲ್ಲಿ ಇದೂ ಒಂದು ಬಗೆಯೆಂದು ತಿಳಿಯಬೇಕಷ್ಟೆ.

ಆದರೆ ಆ ಐದು ತಿಂಗಳು ಅಡವಿನ ಚೀಟಿಯನ್ನು ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟುಕೊಂಡಿದ್ದ ಮನೆಗಳಲ್ಲಿ ಈ ಊಹೆಗಳ ಸುದ್ದಿಯೇ ಇರಲಿಲ್ಲ. ಕೊಳವೆಬಾವಿಗೆಂದೋ, ಮೆಕ್ಕೆಜೋಳದ ಬಿತ್ತನೆಗೆಂದೋ ಗುಂಡಿನ ಸರವನ್ನು ಅಡವಿಟ್ಟಿದ್ದವಳಿಗೆ ಕಳ್ಳನಾರೆಂಬುದು ಎರಡನೆಯ ಮಾತು. ಬ್ಯಾಂಕು ತೂಕಕ್ಕೆ ತಕ್ಕ ಹಣ ಕೊಡಬಹುದು. ಅವ್ವ ತನ್ನ ಕೊರಳಿನಿಂದ ತೆಗೆದು ಕೊಟ್ಟ ಸರ ಅದೇ ಆಗಿ ಮರಳುವುದೇ ಎಂಬುದು ಆಕೆಯ ಚಿಂತೆ. ಚಹಾದಂಗಡಿಯವರು ಕೇಳುತ್ತಿದ್ದುದು ‘ಯಾರು ಒಯ್ದರು’ ಎಂದು. ಆಕೆ ಕೇಳುತ್ತಿದ್ದುದು ‘ನನ್ನದು ಎಲ್ಲಿದೆ’ ಎಂದು. ಮರೆವಿನ ಕಥೆಯನ್ನು ಓದುವಾಗ ನಾವು ಯಾರ ಪಕ್ಕದಲ್ಲಿ ಕುಳಿತು ಓದುತ್ತೇವೆಂಬುದರ ಮೇಲೆ ನಮಗೆ ಅದರಲ್ಲಿ ಕಾಣುವುದೂ ಬೇರೆಯಾಗುತ್ತದೆ.

ಬಸ್ಸಿನ ಆ ಮಕ್ಕಳಿಗೆ ನಾನು ಹೇಳಬಯಸುವುದು ಇಷ್ಟೆ. ಗುಟ್ಟನ್ನು ಮೊದಲೇ ಊಹಿಸಿದಿರಾದರೆ ಸಂತೋಷ, ಊಹಿಸದಿದ್ದರೂ ಸಂತೋಷ. ಒಮ್ಮೆ ಎಲ್ಲವೂ ತಿಳಿದ ಮೇಲೆ ಆ ಪುಸ್ತಕವನ್ನು ಮೊದಲಿನಿಂದ ಮತ್ತೆ ತೆರೆದು ನೋಡಿರಿ. ಎರಡನೆಯ ಓದಿನಲ್ಲಿ ಬರಿಯ ಬೀಗ, ಬೀಗದ ಕೈ ಮಾತ್ರ ಕಂಡರೆ ಅದನ್ನು ಬಾಡಿಗೆಯಂಗಡಿಗೆ ಮರಳಿಸಬಹುದು. ಮನುಷ್ಯರು ಕಂಡರೆ ಮನೆಯಲ್ಲಿ ಇಟ್ಟುಕೊಳ್ಳಬಹುದು.

ಶಾಕುಂತಲದ ಏಳನೆಯ ಅಂಕವನ್ನು ನಾನು ಹಾಗೆ ಎರಡನೆಯ ಬಾರಿ ಓದಿದಾಗಲೇ ಒಂದು ಸಂಗತಿ ಕಣ್ಣಿಗೆ ಬಿದ್ದಿತು. ಅಷ್ಟು ಹೊತ್ತಿಗೆ ಎಲ್ಲವೂ ನೇರಾಗಿದೆ; ನೆನಪು ಮರಳಿದೆ, ಅರಸನು ಕಾಲಿಗೆ ಬಿದ್ದಿದ್ದಾನೆ, ಮಗ ಸಿಕ್ಕಿದ್ದಾನೆ. ಮೀನಿನ ಹೊಟ್ಟೆಯಿಂದ ಬಂದು ಎಲ್ಲಕ್ಕೂ ಕಾರಣವಾದ ಆ ಉಂಗುರವನ್ನು ಮತ್ತೆ ತೊಟ್ಟುಕೋ ಎಂದು ದುಷ್ಯಂತನು ಕೈ ಚಾಚುತ್ತಾನೆ. ಶಕುಂತಲೆ ಒಲ್ಲೆನೆನ್ನುತ್ತಾಳೆ, ಅದರ ಮೇಲೆ ತನಗೆ ನಂಬಿಕೆಯಿಲ್ಲವೆಂದೂ, ಅರಸನೇ ಅದನ್ನು ತೊಟ್ಟುಕೊಳ್ಳಲೆಂದೂ ಹೇಳುತ್ತಾಳೆ. ಶಾಪದ ಸಂಗತಿ ಆಕೆಗೆ ಇನ್ನೂ ತಿಳಿದಿಲ್ಲ. ಋಷಿ ಮಾರೀಚನು ಅದನ್ನು ಹೇಳುವುದು ಆಮೇಲೆ. ಹೇಳಿದ ಮೇಲಾದರೂ ಆಕೆ ಉಂಗುರವನ್ನು ಕೇಳಿ ಪಡೆದಂತೆ ಕವಿಯು ಎಲ್ಲಿಯೂ ಬರೆದಿಲ್ಲ. ನಾಟಕ ಮುಗಿಯುವಾಗ ಅದು ಅರಸನ ಬೆರಳಿನಲ್ಲಿಯೇ ಇರುತ್ತದೆ.