ಕುರಿಗೆ ಸಬ್ಸಿಡಿ ಇದೆ, ಹುಲ್ಲಿಗೆ ಇಲ್ಲ

"ತಮ್ಮಾ, ನಿನ್ನ ಫೋನಿನ್ಯಾಗ ನೋಡು, ನಮ್ಮಂಥವರಿಗೆ ಸರ್ಕಾರದಾಗ ಏನರ ಐತೇನು?"

ಕಳೆದ ಸಲ ಕೊಪ್ಪಳ ಸೀಮೆಯ ನಮ್ಮೂರಿಗೆ ಹೋದಾಗ ಕುರಿಗಾಹಿ ಕಾಕಾ ಒಬ್ಬರು ಕೇಳಿದ ಪ್ರಶ್ನೆ ಇದು. ಅವರದ್ದು ನೂರರ ಆಸುಪಾಸಿನ ಹಿಂಡು. ಸ್ವಂತ ಜಮೀನಿಲ್ಲ. ಸುಗ್ಗಿ ಮುಗಿದರೆ ತುಂಗಭದ್ರಾ ಕಾಲುವೆ ಕೆಳಗಿನ ಗದ್ದೆಗಳ ಕಡೆ ಹೊರಟುಬಿಡ್ತಾರೆ, ಮುಂಗಾರಿಗೆ ವಾಪಸ್.

ಎರಡು ದಿನ ಕೂತು ಹುಡುಕಿದೆ. ಯೋಜನೆಗಳೇ ಇಲ್ಲ ಅನ್ನುವ ಹಾಗಿಲ್ಲ. ಆದರೆ ಒಂದೊಂದನ್ನೂ ಕಾಕಾನ ಬದುಕಿನ ಪಕ್ಕ ಇಟ್ಟು ನೋಡಿದಾಗ ಬೇರೆಯದೇ ಕಥೆ ಕಂಡಿತು.

ಮೊದಲು ಪಿಎಂ-ಕಿಸಾನ್. ವರ್ಷಕ್ಕೆ 6,000 ರೂಪಾಯಿ. ಹೆಸರಲ್ಲಿ ಜಮೀನಿರಬೇಕು. ಕಾಕಾ ಅಲ್ಲೇ ಔಟ್.

ಎರಡನೆಯದು ರಾಷ್ಟ್ರೀಯ ಜಾನುವಾರು ಮಿಷನ್. 2021ರಲ್ಲಿ ಪರಿಷ್ಕರಿಸಿದ ಈ ಯೋಜನೆಯಲ್ಲಿ ಕುರಿ-ಮೇಕೆ ತಳಿ ಘಟಕಕ್ಕೆ ಶೇ 50ರಷ್ಟು ಸಬ್ಸಿಡಿ ಇದೆ. 100 ಹೆಣ್ಣು, 5 ಟಗರಿನ ಘಟಕಕ್ಕೆ 10 ಲಕ್ಷದವರೆಗೆ, 500 ಹೆಣ್ಣು, 25 ಟಗರಿನ ಘಟಕಕ್ಕೆ 50 ಲಕ್ಷದವರೆಗೆ. ಕೇಳೋಕೆ ಚೆಂದ. ಆದರೆ ಘಟಕಕ್ಕೆ ಸ್ವಂತದ್ದೋ ಲೀಸಿನದ್ದೋ ಜಾಗ ತೋರಿಸಬೇಕು, ಯೋಜನಾ ವರದಿ ಬರೆಸಬೇಕು, ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು, ಉಳಿದರ್ಧ ಹಣವನ್ನು ಬ್ಯಾಂಕ್ ಸಾಲದಿಂದಲೋ ಕೈಯಿಂದಲೋ ಹೊಂದಿಸಬೇಕು. ಇದು ಶೆಡ್ ಕಟ್ಟಿ ಕುರಿ ಸಾಕುವ ಉದ್ಯಮಿಗೆ ಹೊಲಿದ ಅಂಗಿ. ಅಲೆದಾಡುವ ಕುರಿಗಾಹಿಯ ಮೈಗೆ ಆಗಲ್ಲ.

ಮೂರನೆಯದು ನಮ್ಮ ರಾಜ್ಯದ್ದೇ ಅನುಗ್ರಹ. ಕುರಿ ಸತ್ತರೆ ಪರಿಹಾರ. 5,000 ರೂಪಾಯಿ ಇದ್ದದ್ದನ್ನು 2025-26ರ ಬಜೆಟ್‌ನಲ್ಲಿ 7,500ಕ್ಕೆ ಏರಿಸಿದರು. ಒಳ್ಳೆಯ ಯೋಜನೆ, ಎರಡು ಮಾತಿಲ್ಲ. ಆದರೆ ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿ ಬರೆದುಕೊಡಬೇಕು. ಊರಿಂದ ಎಷ್ಟೋ ದೂರದ ಯಾರದ್ದೋ ಹೊಲದಲ್ಲಿ, ನಡುರಾತ್ರಿ ಕುರಿ ಸತ್ತರೆ ಯಾವ ವೈದ್ಯರನ್ನು ಕರೆಯೋದು? ಇನ್ನು ತೋಳ ಹಿಡಿದರೆ ಹೋಗಬೇಕಾದ ಬಾಗಿಲೇ ಬೇರೆ, ಅರಣ್ಯ ಇಲಾಖೆಯದ್ದು. ಅಲ್ಲಿ ಕಳೇಬರ ತೋರಿಸಬೇಕು. ತೋಳ ಮರಿಯನ್ನೇ ಎತ್ತಿಕೊಂಡು ಹೋಗಿದ್ದರೆ ತೋರಿಸೋದು ಏನನ್ನು?

ಎಲ್ಲ ಕೇಳಿಸಿಕೊಂಡ ಕಾಕಾ ಹೇಳಿದ್ದು ಇಷ್ಟೇ: "ಅಂದ್ರ ಕುರಿ ಸತ್ತರ ರೊಕ್ಕ, ಬದುಕಿದ್ರ ಇಲ್ಲ."

ನನ್ನ ಪ್ರಕಾರ ಸಮಸ್ಯೆಯ ಬುಡ ಇಲ್ಲೇ ಇದೆ. ಸರ್ಕಾರದ ಕಣ್ಣಿಗೆ ಕುರಿಗಾಹಿ ಒಂದೋ ಸಾಲಗಾರ, ಇಲ್ಲ ಪರಿಹಾರ ಕೇಳುವ ಫಲಾನುಭವಿ. ಹುಲ್ಲುಗಾವಲನ್ನು ಉಳಿಸಿಕೊಂಡು ಬಂದವನು ಅಂತ ಯಾವ ಅರ್ಜಿ ನಮೂನೆಯಲ್ಲೂ ಅವನಿಗೆ ಜಾಗವಿಲ್ಲ.

ಹಾಗಂತ ಪರಿಸರ ಸಂರಕ್ಷಣೆಗೆ ದುಡ್ಡಿಲ್ಲವಾ? ಇದೆ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಡಿ 2019ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ 47 ಸಾವಿರ ಕೋಟಿಗೂ ಹೆಚ್ಚು ಹಣ ವರ್ಗಾಯಿಸಿತು. ಕರ್ನಾಟಕಕ್ಕೆ ಬಂದದ್ದು ಸುಮಾರು 1,350 ಕೋಟಿ. ಇದರ ಮುಖ್ಯ ಉದ್ದೇಶ ಗಿಡ ನೆಡೋದು. ಎಲ್ಲಿ ನೆಡ್ತಾರೆ? ಬಹಳ ಸಲ "ಖಾಲಿ" ಕಾಣುವ ಬಯಲಲ್ಲಿ. ಕೇಂದ್ರದ ಬಂಜರುಭೂಮಿ ಅಟ್ಲಾಸ್ ಕುರುಚಲು ಪ್ರದೇಶವನ್ನೂ ಸವಕಲು ಹುಲ್ಲುಗಾವಲನ್ನೂ ಬಂಜರಿನ ಪಟ್ಟಿಗೇ ಸೇರಿಸುತ್ತದೆ. ಹೀಗೆ ಸಂರಕ್ಷಣೆಯ ದುಡ್ಡೇ ಕುರಿಗಾಹಿಯ ಮೇವಿನ ಜಾಗಕ್ಕೆ ಬೇಲಿ ಹಾಕುತ್ತದೆ. ಗಿಡ ನೆಡದೆ ಹೋದ ಕಡೆ ಬೇರೆ ಬೇಲಿ: ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ಡಿಆರ್‌ಡಿಒ, ಬಾರ್ಕ್, ಐಐಎಸ್‌ಸಿ, ಇಸ್ರೋ ಪಾಲಾಯಿತು.

ನಮ್ಮ ಜಿಲ್ಲೆಯಲ್ಲೇ, ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಧಾಮ ಆಗಿದೆ, 332 ಎಕರೆ. ಖುಷಿಯ ವಿಷಯ. ಆದರೆ ತೋಳ ಆ 332 ಎಕರೆಯೊಳಗೇ ಬದುಕಲ್ಲ, ಹೊರಗಿನ ಬಯಲಲ್ಲೂ ತಿರುಗುತ್ತೆ, ಕುರಿ ತಿನ್ನುತ್ತೆ. ಅಂದರೆ ತೋಳ ಸಂರಕ್ಷಣೆಯ ಖರ್ಚಿನ ಒಂದು ಪಾಲನ್ನು ಕುರಿಗಾಹಿ ಈಗಾಗಲೇ ಕೊಡ್ತಾ ಇದ್ದಾನೆ, ರಸೀದಿ ಇಲ್ಲದೆ. ಈ ಲೆಕ್ಕ ಸರಿಮಾಡದಿದ್ದರೆ ಏನಾಗುತ್ತೆ ಅಂತ 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ನೋಡಿದೆವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರಿಂದ ತಾಯಿ ಹುಲಿ, ನಾಲ್ಕು ಮರಿ ಸತ್ತವು. ಅದು ಅಪರಾಧವೇ, ಸಮರ್ಥನೆ ಬೇಡ. ಆದರೆ ಅದಾದ ಮೇಲೆ ಸರ್ಕಾರ ಮುಂದಿಟ್ಟ ಉತ್ತರ, ಕಾಡಿನಲ್ಲಿ ದನ ಮೇಯಿಸುವುದಕ್ಕೇ ನಿಷೇಧ.

ಬೇರೆ ದಾರಿ ಇದೆಯಾ? ಅಮೆರಿಕವನ್ನು ನೋಡಿ. ಅಲ್ಲಿ ವಿಶಾಲ ಬಯಲುಗಳಲ್ಲಿ ದನ ಮೇಯಿಸುವ ರ‍್ಯಾಂಚರ್‌ಗಳಿಗೆ 1996ರ ಕೃಷಿ ಕಾಯ್ದೆಯಿಂದ ಬಂದ 'ಈಕ್ವಿಪ್' ಯೋಜನೆ ಇದೆ. ಸರದಿ ಮೇಯಿಸುವಿಕೆಗೆ, ನೀರಿನ ತೊಟ್ಟಿಗೆ, ಬೇಲಿಗೆ ಸರ್ಕಾರ ಕರಾರು ಮಾಡಿಕೊಂಡು ಖರ್ಚಿನಲ್ಲಿ ಪಾಲು ಕೊಡುತ್ತದೆ. 'ಸೇಜ್ ಗ್ರೌಸ್' ಎಂಬ ಹುಲ್ಲುಗಾವಲಿನ ಹಕ್ಕಿಯನ್ನು ಉಳಿಸಲು 2010ರಿಂದ ಇದೇ ರ‍್ಯಾಂಚರ್‌ಗಳ ಜತೆ ಕೆಲಸ ನಡೆದಿದೆ. ಸಾಲ, ಪರಿಹಾರದ ಕಚೇರಿಯೂ ಮಣ್ಣು-ನೀರಿನ ಸಂರಕ್ಷಣಾ ಕಚೇರಿಯೂ ಬಹುತೇಕ ಕಡೆ ಒಂದೇ ಕಟ್ಟಡದಲ್ಲಿರುತ್ತವೆ. ಅದೇನು ಸ್ವರ್ಗ ಅಲ್ಲ. ಅಲ್ಲಿ ಲಾಭ ಪಡೆಯುವವರಲ್ಲಿ ಹೆಚ್ಚಿನವರು ಜಮೀನಿರುವವರು. 2025ರ ಆರಂಭದಲ್ಲಿ ಟ್ರಂಪ್ ಸರ್ಕಾರ ಸಂರಕ್ಷಣಾ ಹಣ ತಡೆಹಿಡಿದಾಗ, ಕರಾರು ನಂಬಿ ಕೈಯಿಂದ ಖರ್ಚು ಮಾಡಿದವರು ಕಂಗಾಲಾದರು. ಆದರೂ ಅಲ್ಲಿಂದ ತೆಗೆದುಕೊಳ್ಳಬೇಕಾದ ಒಂದು ಮಾತಿದೆ: ಮೇಯಿಸುವವನು ಹುಲ್ಲಿನ ಶತ್ರು ಅಲ್ಲ, ಅವನಿಗೆ ಹುಲ್ಲು ಕಾಯುವ ಕೂಲಿ ಕೊಡಬಹುದು.

ನಮ್ಮಲ್ಲಿ ಇದಕ್ಕೆ ಕಾನೂನಿನ ಬುನಾದಿ ಇಲ್ಲದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(1)(ಡಿ) ಮೇಯಿಸುವ ಹಕ್ಕನ್ನು, ಅಲೆಮಾರಿ ಪಶುಪಾಲಕರ ಹಕ್ಕನ್ನೂ ಸೇರಿಸಿ ಒಪ್ಪುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 75 ವರ್ಷದ ವಾಸದ ಸಾಕ್ಷ್ಯ ಕೊಡಬೇಕು. ಅಲೆದಾಟವೇ ಬದುಕಾದವರು ಎಲ್ಲಿಯ ಸಾಕ್ಷ್ಯ ತರಬೇಕು? 2025ರಲ್ಲಿ ರಾಜ್ಯ ವಿಧಾನಮಂಡಲ ವಲಸೆ ಕುರಿಗಾಹಿಗಳನ್ನು ದೌರ್ಜನ್ಯದಿಂದ ರಕ್ಷಿಸುವ ಮಸೂದೆ ಅಂಗೀಕರಿಸಿತು. ಅದು ಬೇಕಿತ್ತು. ಈಗ ಮುಂದಿನ ಹೆಜ್ಜೆ ಬೇಕು.

ಮೂರು ಬೇಡಿಕೆ ಸಾಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕುರಿಗಾಹಿಗೆ ಒಂದು ಟೇಬಲ್, ಅಲ್ಲೇ ಪಶುಸಂಗೋಪನೆ, ಅರಣ್ಯ ಎರಡೂ ಇಲಾಖೆಗಳ ಅರ್ಜಿ. ಕುರಿ ಸತ್ತ ಊರಲ್ಲೇ ಪಂಚನಾಮೆ, ಹಣ ಅವನ ಖಾತೆಗೆ. ಅರಣ್ಯೀಕರಣದ ಹಣದಲ್ಲಿ ಒಂದು ಪಾಲು ಹುಲ್ಲುಗಾವಲಿಗೆ, ಅದರ ಕೆಲಸ ಕುರಿಗಾಹಿಗಳ ಸಂಘಕ್ಕೆ. ನಿಯಮ ಅಡ್ಡ ಬಂದರೆ ನಿಯಮ ಬದಲಾಗಲಿ.

2026 ಅನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಘೋಷಿಸಿದೆ. ಸಭೆ, ಭಾಷಣ ನಡೆಯಲಿ. ನಾವು ಮಾಡಬಹುದಾದ ಕೆಲಸ ಇನ್ನೂ ಸಣ್ಣದು. ಮುಂದಿನ ಗ್ರಾಮಸಭೆಗೆ ಹೋಗಿ ಕೇಳಿ: ನಮ್ಮೂರ ಗೋಮಾಳದ ಸರ್ವೆ ನಂಬರ್ ಎಷ್ಟು, ಎಷ್ಟು ಎಕರೆ ಇತ್ತು, ಈಗ ಎಷ್ಟು ಉಳಿದಿದೆ, ಅಲ್ಲಿ ಏನಿದೆ? ನಾನೂ ನಮ್ಮ ಪಂಚಾಯ್ತಿಯಲ್ಲಿ ಇದನ್ನೇ ಕೇಳಲಿದ್ದೇನೆ. ಕಾಕಾಗೆ ಹಾಗಂತ ಮಾತು ಕೊಟ್ಟು ಬಂದಿದ್ದೇನೆ.