ಇನ್ನೆಷ್ಟು ಮನಸ್ಸು ಮಾಡಬೇಕು?

ಹೊಸಪೇಟೆ, ಕಂಪ್ಲಿ ಕಡೆ ಓದು ಹತ್ತದ ಹೈಸ್ಕೂಲು ಹುಡುಗನಿಗೆ ಎರಡು ತೀರ್ಪುಗಳು ಸಿದ್ಧವಿರುತ್ತವೆ. ಒಂದು, ‘ಇವನ ತಲಿಗೆ ಏನೂ ಹತ್ತಂಗಿಲ್ಲ’. ಇನ್ನೊಂದು, ‘ಬುದ್ಧಿ ಐತಿ, ಮನಸ್ಸು ಮಾಡಂಗಿಲ್ಲ’. ಮೊದಲನೆಯದು ಕ್ರೂರವೆಂದು ಎಲ್ಲರೂ ಒಪ್ಪುತ್ತಾರೆ. ಎರಡನೆಯದನ್ನು ಪ್ರೋತ್ಸಾಹವೆಂದೇ ಆಡುತ್ತೇವೆ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹದ ಕಲಿಕಾ ನ್ಯೂನತೆ, ಇರುವವನಿಗೆ ಹೆಚ್ಚು ಚುಚ್ಚುವುದು ಈ ಎರಡನೆಯದೇ ಎಂದು ನನ್ನ ಅನಿಸಿಕೆ; ಅವನು ಮನಸ್ಸು ಮಾಡಿಯೂ ಸೋತವನು.

ಬುದ್ಧಿ ಹುಟ್ಟಿನಿಂದ ಅಳೆದಿಟ್ಟದ್ದಲ್ಲ, ಬೆಳೆಸಬಹುದು ಎಂಬ ಮಾತನ್ನು ಸ್ಟ್ಯಾನ್‌ಫರ್ಡಿನ ಮನಶ್ಶಾಸ್ತ್ರಜ್ಞೆ ಕೆರೋಲ್ ಡ್ವೆಕ್ 2006ರ ‘ಮೈಂಡ್‌ಸೆಟ್’ ಪುಸ್ತಕದಿಂದ ಜಗತ್ತಿಗೆಲ್ಲ ಹಬ್ಬಿಸಿದರು. ಅದು ‘ಪ್ರಯತ್ನಪಡು’ ಎಂಬ ಪೋಸ್ಟರಾಗಿ ಸವೆದದ್ದನ್ನು ಕಂಡು 2015ರಲ್ಲಿ ಅವರೇ ಎಚ್ಚರಿಸಿದರು: ಬರೀ ಪ್ರಯತ್ನವನ್ನು ಹೊಗಳಿದರೆ ಸಾಲದು, ಒಂದು ದಾರಿ ಸಾಗದಾಗ ಬೇರೆ ದಾರಿ ತೋರಿಸಬೇಕು. 2019ರಲ್ಲಿ ‘ನೇಚರ್’ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ 9ನೇ ತರಗತಿಯ 12,000ಕ್ಕೂ ಹೆಚ್ಚು ಮಕ್ಕಳಿದ್ದರು. ಬುದ್ಧಿ ಬೆಳೆಸಬಹುದೆಂಬ, ಒಂದು ಗಂಟೆಗೂ ಕಡಿಮೆ ಅವಧಿಯ ಪಾಠದಿಂದ ಹಿಂದುಳಿದವರ ಸರಾಸರಿ ಗ್ರೇಡ್ ಏರಿದ್ದು ಸುಮಾರು 4ರ ಮಾಪಕದಲ್ಲಿ 0.1ರಷ್ಟು. ಲಾಭ ನಿಜ, ಆದರೆ ಪವಾಡವಲ್ಲ.

ಆ ಬೇರೆ ದಾರಿ ಕನ್ನಡದಲ್ಲಿ ಯಾವುದು? ಕನ್ನಡವನ್ನು ಬರೆದಂತೆಯೇ ಓದುತ್ತೇವೆಂಬ ಹೆಮ್ಮೆ ನಮಗಿದೆ. ಆದರೆ ಕಾಗುಣಿತ, ಒತ್ತಕ್ಷರ ಸೇರಿದರೆ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಈ ಕಲಿಕೆ 4ನೇ ತರಗತಿಯವರೆಗೂ ಸಾಗುತ್ತದೆಂದು ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ತೋರಿಸಿದರು. ಅಲ್ಲಿ ಎಡವಿದವನು 8ನೇ ತರಗತಿಯಲ್ಲಿ ‘ಸ್ವಾತಂತ್ರ್ಯ’ದ ಎದುರು ನಿಂತುಬಿಡುತ್ತಾನೆ. ಹಂಪಿಯಲ್ಲಿ ಬೆಳೆದ ಅಂಥ ಹುಡುಗ ಕಲ್ಲಿನ ರಥದ ಮುಂದೆ ನಿಂತು ಕೃಷ್ಣದೇವರಾಯನ ಕಥೆ ಸೊಗಸಾಗಿ ಹೇಳಿಯಾನು. ಅದೇ ಪ್ರಶ್ನೆ ಕಾಗದದ ಮೇಲೆ ಬಂದರೆ ಸೊನ್ನೆ. ಅವನಿಗೆ ಚರಿತ್ರೆ ಬರುವುದಿಲ್ಲ ಎನ್ನಲಾದೀತೆ? ಪಾಠ ಓದಿ ಹೇಳಿ, ಉತ್ತರವನ್ನು ಬಾಯಲ್ಲಿ ಕೇಳಿ, ಒತ್ತಕ್ಷರಗಳನ್ನು ಬಿಡಿಸಿ ಮತ್ತೆ ಕಲಿಸುವುದೇ ಆ ಬೇರೆ ದಾರಿ.

(2007ರ ಹಿಂದಿ ಸಿನಿಮಾ ‘ತಾರೆ ಜಮೀನ್ ಪರ್’ ಇಂಥ ಮಗುವಿನೊಳಗೆ ಚಿತ್ರಕಾರನನ್ನು ಇಟ್ಟಿತ್ತು. ಚಿತ್ರ ಬರೆಯಲೂ ಬಾರದ ಮಗುವಿಗೂ ಆ ಬೇರೆ ದಾರಿಯ ಹಕ್ಕಿದೆ.)

ಸಂಡೂರಿನ ಲಂಬಾಣಿ ತಾಂಡಾಗಳಲ್ಲಿ ಇನ್ನೊಂದು ತೊಡಕು. ಮನೆಯಲ್ಲಿ ಗೋರ್ ಬೋಲಿ, ಶಾಲೆಯಲ್ಲಿ ಕನ್ನಡ. ಅಲ್ಲಿನ ಹುಡುಗಿಯ ತಡವರಿಕೆ ಹೊಸ ಭಾಷೆಯದೋ, ಕಲಿಕಾ ನ್ಯೂನತೆಯದೋ ತಿಳಿಯಬೇಕಾದರೆ ಎರಡೂ ಭಾಷೆಗಳಲ್ಲಿ ಮಾತಾಡಿಸಿ ನೋಡಬೇಕು. ಅದೇ ಹುಡುಗಿ ಅವ್ವನ ಪಕ್ಕ ಕೂತು ಲಂಬಾಣಿ ಕಸೂತಿ ಕಲಿಯುವಾಗ ಹೊಲಿಗೆ ಸೊಟ್ಟಗಾದರೆ ಅವ್ವ ದಾರ ಬಿಚ್ಚಿ, ಸೂಜಿ ಹಿಡಿಯುವ ಬೆರಳನ್ನೇ ತಿದ್ದುತ್ತಾಳೆ. ‘ಮನಸ್ಸು ಮಾಡು’ ಎಂದಷ್ಟೇ ಹೇಳಿ ಎದ್ದುಹೋಗುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನು 21 ವೈಕಲ್ಯಗಳಲ್ಲಿ ಒಂದಾಗಿ ಎಣಿಸಿತು. ಬೇಗ ಗುರುತಿಸುವ ಹೊಣೆಯನ್ನು ಶಿಕ್ಷಣ ಸಂಸ್ಥೆಗಳಿಗೇ ಹೊರಿಸಿತು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕ ಸಿಗುತ್ತಾರೆ, ಪ್ರಮಾಣಪತ್ರವಿದ್ದರೆ. ಅದಕ್ಕೆ 2018ರ ಮಾರ್ಗಸೂಚಿ 8 ವರ್ಷ ತುಂಬಿರಬೇಕೆಂದಿತು, 14 ಮತ್ತು 18ರಲ್ಲಿ ಮರುಪರೀಕ್ಷೆ ಕೇಳಿತು. ದಿನಗೂಲಿ ಬಿಟ್ಟು ಆ ಪ್ರಮಾಣಪತ್ರಕ್ಕಾಗಿ ಬಳ್ಳಾರಿಗೆ ಓಡಾಡುವ ತಾಂಡಾದ ಅಪ್ಪನಿಗೆ ಇದನ್ನು ಹೇಳುವವರು ಯಾರು? ಶಾಲೆಯೇ ಹೇಳಬೇಕು, ಅದೂ 10ನೇ ತರಗತಿಯ ಅರ್ಜಿ ತುಂಬುವ ವಾರದಲ್ಲಲ್ಲ.